ದಿಲ್ಲಿಗೆಷ್ಟು, ಬೆಂಗಳೂರಿಗೆಷ್ಟು, ಕೇರಿಗೆಷ್ಟು?

ನಮ್ಮ ಕಡೆಯ ಒಂದು ಕೇರಿಯಲ್ಲಿ ಮುದುಕಿಯೊಬ್ಬಳು ತೀರಿಕೊಂಡಳು. ಮಳೆಗಾಲ. ಕೇರಿಯವರು ತಲೆತಲಾಂತರದಿಂದ ಹೆಣ ಹೂಳುತ್ತಿದ್ದುದು ಹಳ್ಳದ ದಂಡೆಯಲ್ಲಿ. ಆವತ್ತು ಹಳ್ಳ ದಂಡೆ ಮೀರಿ ಹರಿಯುತ್ತಿತ್ತು. ಪಕ್ಕದ ಹೊಲದ ಬದುವಿನಲ್ಲಿ ಗುಂಡಿ ತೆಗೆಯೋಣ ಎಂದರೆ ಹೊಲದವರು ದೊಣ್ಣೆ ಹಿಡಿದು ಅಡ್ಡ ನಿಂತರು. ಹೆಣವನ್ನು ಅಂಗಳದಲ್ಲೇ ಬಿಟ್ಟು ನಾವು ನಾಲ್ಕಾರು ಜನ ಕಚೇರಿಗೆ ಹೋದೆವು. "ಮಸಣಕ್ಕೆ ಜಾಗ ಕೊಡೋದು ನಮ್ಮ ಕೈಲಿಲ್ಲ, ಮೇಲಿಂದ ಬರಬೇಕು" ಎಂದರು ಅಲ್ಲಿದ್ದ ಅಧಿಕಾರಿ. ಮುದುಕಿಯ ಮಗ ಕೈಕಟ್ಟಿ ನಿಂತೇ ಕೇಳಿದ: "ಮೇಲೆ ಅಂದ್ರೆ ಎಲ್ಲಿ ಬುದ್ದಿ?" ಅಧಿಕಾರಿ ಫೈಲು ನೋಡತೊಡಗಿದರು. ಕತ್ತಲಾದ ಮೇಲೆ ರಸ್ತೆ ಪಕ್ಕದ ಮೋರಿ ಹತ್ತಿರ ಮಣ್ಣು ಮಾಡಿ ಬಂದೆವು.

ಈಗ ಎಲ್ಲಿ ನೋಡಿದರೂ ಒಕ್ಕೂಟದ ಮಾತು. ದಿಲ್ಲಿ ರಾಜ್ಯಗಳ ಅಧಿಕಾರ ಕಿತ್ತುಕೊಳ್ಳುತ್ತಿದೆ, ಕನ್ನಡಿಗರ ತೆರಿಗೆ ಹಣ ಕನ್ನಡಿಗರಿಗೆ ಸಿಗುತ್ತಿಲ್ಲ, ಒಕ್ಕೂಟ ವ್ಯವಸ್ಥೆ ಉಳಿಯಬೇಕು ಎಂದು ವಿಚಾರ ಸಂಕಿರಣಗಳು ನಡೆಯುತ್ತಿವೆ, ಲೇಖನಗಳು ಬರುತ್ತಿವೆ. ಇವುಗಳಲ್ಲಿ ಹೇಳುವುದೆಲ್ಲ ಸುಳ್ಳು ಎಂದು ನಾವು ಹೇಳುವುದಿಲ್ಲ. ಬಹಳಷ್ಟು ನಿಜವೇ. ಆದರೆ ಮುದುಕಿಯ ಮಗನ ಪ್ರಶ್ನೆಗೆ ಅಲ್ಲಿ ಉತ್ತರ ಇಲ್ಲ. ಹಾಗಾಗಿ ಆ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದು ಸಂವಿಧಾನವನ್ನು ಒಂದು ಕೃತಿಯ ಹಾಗೆ ಓದಿ ನೋಡೋಣ ಅನ್ನಿಸಿತು. ಕತೆ ಕಾದಂಬರಿಗಳನ್ನಷ್ಟೇ ವಿಮರ್ಶೆ ಮಾಡಬೇಕು ಅಂತ ಯಾರು ಹೇಳಿದ್ದಾರೆ? ನಮ್ಮ ಬದುಕಿನ ಮೇಲೆ ಅತಿ ಹೆಚ್ಚು ಬರೆದಿರುವ ಕೃತಿ ಇದೇ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. 1950ರಲ್ಲಿ ಜಾರಿಗೆ ಬಂದಾಗ ಕೇಂದ್ರ ಪಟ್ಟಿಯಲ್ಲಿ 97 ವಿಷಯ, ರಾಜ್ಯ ಪಟ್ಟಿಯಲ್ಲಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿ 47. ಸೈನ್ಯ, ವಿದೇಶ ವ್ಯವಹಾರ, ರೈಲು, ನಾಣ್ಯ, ಬ್ಯಾಂಕು, ಆದಾಯ ತೆರಿಗೆ ದಿಲ್ಲಿಗೆ. ಸಮವರ್ತಿ ಪಟ್ಟಿಯ ವಿಷಯದಲ್ಲಿ ಇಬ್ಬರ ಕಾನೂನಿಗೂ ಜಗಳ ಬಿದ್ದರೆ ಸಾಮಾನ್ಯವಾಗಿ ಗೆಲ್ಲುವುದು ದಿಲ್ಲಿಯ ಕಾನೂನು. ಯಾವ ಪಟ್ಟಿಯಲ್ಲೂ ಇಲ್ಲದ್ದು ಕೂಡ ದಿಲ್ಲಿಗೇ. ರಾಜ್ಯದ ಗಡಿಯನ್ನೇ ಬದಲಿಸುವ ಅಧಿಕಾರ ಪಾರ್ಲಿಮೆಂಟಿಗಿದೆ. ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿಯಲ್ಲಿ, ಶಿಕ್ಷಣವನ್ನೂ ಅರಣ್ಯವನ್ನೂ ರಾಜ್ಯ ಪಟ್ಟಿಯಿಂದ ಎತ್ತಿ ಸಮವರ್ತಿ ಪಟ್ಟಿಗೆ ಹಾಕಿದರು. ತಕ್ಕಡಿ ಯಾವ ಕಡೆ ವಾಲಿದೆ ಎಂದು ಹೇಳಲು ದೊಡ್ಡ ಪಾಂಡಿತ್ಯ ಬೇಡ.

ಈಗ ರಾಜ್ಯ ಪಟ್ಟಿಯನ್ನು ಓದಿ. ಮೊದಲನೆಯದು ಸಾರ್ವಜನಿಕ ಸುವ್ಯವಸ್ಥೆ. ಎರಡನೆಯದು ಪೊಲೀಸು. ಐದನೆಯದು ಸ್ಥಳೀಯ ಆಡಳಿತ. ಹತ್ತನೆಯದು ಹೂಳುವುದು, ಸುಡುವುದು, ಮಸಣ. ಹದಿನಾಲ್ಕು ಕೃಷಿ. ಹದಿನೇಳು ನೀರು. ಹದಿನೆಂಟು ಭೂಮಿ. ಗೆಳೆಯರೆ, ಇದೇನು ಬರೀ ಆಡಳಿತದ ಪಟ್ಟಿಯೆ? ಜಾತಿ ನಮ್ಮ ಮೇಲೆ ಯಾವ ಯಾವ ದಾರಿಯಿಂದ ನಡೆದು ಬರುತ್ತದೋ ಆ ದಾರಿಗಳ ಪಟ್ಟಿ ಇದು. ಭೂಮಿ ಇಲ್ಲದ್ದಕ್ಕೆ ಜೀತ. ನೀರು ಮುಟ್ಟಿದ್ದಕ್ಕೆ ಏಟು. ಏಟು ತಿಂದು ಠಾಣೆಗೆ ಹೋದರೆ ಗದರಿಕೆ. ಸತ್ತರೆ ಹೂಳಲು ಜಾಗವಿಲ್ಲ. ಇಷ್ಟೂ ಬೆಂಗಳೂರಿನ ಕೈಯಲ್ಲಿದೆ. ನದಿ ನೀರಿನ ಜಗಳ ಎರಡು ರಾಜ್ಯಗಳ ನಡುವೆ ಆದರೆ ದಿಲ್ಲಿ ಬರುತ್ತದೆ. ಕಾವೇರಿಗೆ 1990ರಲ್ಲಿ ನ್ಯಾಯಮಂಡಳಿ ಕೂತಿತು. ಊರ ಕೆರೆಯ ನೀರು ಕೇರಿಗೆ ಬರಲಿಲ್ಲ ಅಂದರೆ ಯಾವ ನ್ಯಾಯಮಂಡಳಿ ಕೂತಿದೆ?

ಅಸ್ಪೃಶ್ಯತೆಯ ವಿಷಯ ಇನ್ನೂ ವಿಚಿತ್ರ. 17ನೇ ವಿಧಿ ಅದನ್ನು ರದ್ದು ಮಾಡಿತು. 35ನೇ ವಿಧಿ, ಆ ಅಪರಾಧಕ್ಕೆ ಶಿಕ್ಷೆ ಗೊತ್ತು ಮಾಡುವ ಕಾನೂನನ್ನು ಪಾರ್ಲಿಮೆಂಟು ಮಾತ್ರ ಮಾಡಬೇಕು, ರಾಜ್ಯ ಶಾಸನಸಭೆ ಮಾಡಕೂಡದು ಎಂದಿತು. ಊರಿನ ಬಲಾಢ್ಯರೇ ಶಾಸನಸಭೆಯಲ್ಲೂ ಕೂತಿರುತ್ತಾರೆ. ನರಿಗೆ ಕೋಳಿ ಕಾಯಲು ಹೇಳಬಾರದು ಎಂಬ ಎಚ್ಚರ ಇದರಲ್ಲಿದೆ ಎಂದು ನಾವು ಓದಿಕೊಳ್ಳುತ್ತೇವೆ. ಹಾಗೆಯೇ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂತು. ಎರಡೂ ದಿಲ್ಲಿಯ ಕಾನೂನುಗಳೇ. ಆದರೆ ದೂರು ಬರೆದುಕೊಳ್ಳುವ ಪೊಲೀಸು ಯಾರವನು? ರಾಜ್ಯದವನು. ತನಿಖೆ ಮಾಡುವವನು? ರಾಜ್ಯದವನು. ಕೋರ್ಟಿನಲ್ಲಿ ನಮ್ಮ ಪರ ನಿಂತು ವಾದಿಸಬೇಕಾದ ಸರ್ಕಾರಿ ವಕೀಲ? ಅವನೂ ರಾಜ್ಯದವನೇ. ಅಪರಾಧ ಯಾವುದು ಅಂತ ದಿಲ್ಲಿ ಬರೆಯುತ್ತದೆ. ಅಪರಾಧ ನಡೆದಿದೆಯೋ ಇಲ್ಲವೋ ಅಂತ ನಮ್ಮ ಹೋಬಳಿಯ ಠಾಣೆ ಬರೆಯುತ್ತದೆ. ಬರೆಯದೆಯೂ ಇರುತ್ತದೆ.

ಇದು ತರ್ಕದ ಮಾತಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಜೀವಂತ ಸುಟ್ಟರು. ದೌರ್ಜನ್ಯ ತಡೆ ಕಾಯಿದೆ ಜಾರಿಗೆ ಬಂದು ಹತ್ತು ವರ್ಷವಾಗಿತ್ತು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋಗಿದ್ದರು. ಸುಟ್ಟವರು ಮಾತ್ರ ಯಾರೂ ಇರಲಿಲ್ಲ!

ಆ ತಾರೀಖನ್ನು ಇನ್ನೊಮ್ಮೆ ನೋಡಿ. ಮಾರ್ಚ್ 11. ಸರಿಯಾಗಿ ಆರು ವರ್ಷ ಮೊದಲು, 1994ರ ಮಾರ್ಚ್ 11ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಎಸ್.ಆರ್. ಬೊಮ್ಮಾಯಿ ಪ್ರಕರಣದ ತೀರ್ಪು ಕೊಟ್ಟರು. 1989ರ ಏಪ್ರಿಲ್‌ನಲ್ಲಿ ದಿಲ್ಲಿಯವರು ಬೊಮ್ಮಾಯಿ ಸರ್ಕಾರವನ್ನು ರಾಜ್ಯಪಾಲರ ವರದಿಯ ಮೇಲೆ ವಜಾ ಮಾಡಿದ್ದರು. ಶಾಸನಸಭೆಯಲ್ಲಿ ಬಹುಮತ ಸಾಬೀತು ಮಾಡುತ್ತೇವೆ ಎಂದರೂ ಕೇಳಿರಲಿಲ್ಲ. ಬಹುಮತ ಇದೆಯೋ ಇಲ್ಲವೋ ತೀರ್ಮಾನವಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ, ಮನಸ್ಸಿಗೆ ಬಂದಂತೆ 356ನೇ ವಿಧಿ ಬಳಸಕೂಡದು ಎಂದು ಕೋರ್ಟು ಹೇಳಿತು. ಒಕ್ಕೂಟದ ಬಗ್ಗೆ ಬರೆಯುವವರು ಯಾರೂ ಈ ತೀರ್ಪನ್ನು ಮರೆಯುವುದಿಲ್ಲ. ಮರೆಯಬಾರದು ಕೂಡ. ಕರ್ನಾಟಕದಿಂದ ಹೋದ ಒಂದು ಕೇಸು ಇಡೀ ದೇಶದ ರಾಜ್ಯಗಳಿಗೆ ರಕ್ಷಣೆ ಕೊಟ್ಟಿತು. ನಾವು ಕೇಳುವುದು ಇಷ್ಟೆ: ಹಾಗೆ ಉಳಿದ ರಾಜ್ಯದ ಅಧಿಕಾರ ಕಂಬಾಲಪಲ್ಲಿಯ ಆ ಮನೆಯ ಬಾಗಿಲ ತನಕ ಯಾಕೆ ಬರಲಿಲ್ಲ? ಒಂದು ಮಾರ್ಚ್ 11ನ್ನು ಪಠ್ಯದಲ್ಲಿ ಓದಿಸುವ ಮೇಷ್ಟ್ರು ಇನ್ನೊಂದನ್ನೂ ಓದಿಸಲಿ.

ಬಾಬಾಸಾಹೇಬರಿಗೆ ಇದು ಮೊದಲೇ ಗೊತ್ತಿತ್ತು. 1946ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅವರು ಬಲವಾದ ಕೇಂದ್ರ ಬೇಕು ಎಂದರು. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟಾಗ, ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಮುಖ ಮುರಿಯುವ ಹಾಗೆ ಉತ್ತರ ಕೊಟ್ಟರು. ಹಳ್ಳಿ ಎಂದರೆ ಸಂಕುಚಿತತನದ, ಅಜ್ಞಾನದ ಗೂಡು. ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದು ನನಗೆ ಸಂತೋಷ ಎನ್ನುವುದು ಅವರ ಮಾತಿನ ತಿರುಳು. 1955ರಲ್ಲಿ ಭಾಷಾವಾರು ರಾಜ್ಯಗಳ ಬಗ್ಗೆ ಬರೆದಾಗ ಇನ್ನೂ ಬಿಚ್ಚಿ ಹೇಳಿದರು: ಭಾಷೆಯ ಹೆಸರಲ್ಲಿ ರಾಜ್ಯ ಮಾಡಿದರೆ ಅಲ್ಲಿ ಸಂಖ್ಯೆಯೂ ಭೂಮಿಯೂ ಇರುವ ಒಂದೆರಡು ಜಾತಿಗಳ ಕೈಗೆ ಆಡಳಿತ ಹೋಗುತ್ತದೆ. ಮರುವರ್ಷವೇ, 1956ರ ನವೆಂಬರ್ 1ರಂದು, ನಮ್ಮ ರಾಜ್ಯ ಒಂದಾಯಿತು. ಅಲ್ಲಿಂದ 1971ರವರೆಗೆ ನಿಜಲಿಂಗಪ್ಪ, ಜತ್ತಿ, ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ. ಎಲ್ಲರೂ ಒಂದೇ ಸಮುದಾಯದವರು. ಅವರಲ್ಲಿ ಒಳ್ಳೆಯವರಿರಲಿಲ್ಲ ಅಂತಲ್ಲ. ಬಾಬಾಸಾಹೇಬರ ಲೆಕ್ಕ ತಪ್ಪಿರಲಿಲ್ಲ ಅಂತ.

ಇಲ್ಲಿಗೆ ನಿಲ್ಲಿಸಿದರೆ ನಮ್ಮಲ್ಲೇ ಕೆಲವು ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. "ಸರಿ, ಹಾಗಾದ್ರೆ ದಿಲ್ಲಿಯೇ ನಮ್ಮ ತಾಯಿ. ರಾಜ್ಯ ರಾಜ್ಯ ಅನ್ನೋದೆಲ್ಲ ಮೇಲ್ಜಾತಿಯವರ ಆಟ" ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಬಲವಾದ ದಿಲ್ಲಿ ಎಂದರೆ ಏನು ಅಂತ 1975ರಿಂದ 1977ರವರೆಗೆ ಈ ದೇಶ ಉಂಡು ನೋಡಿದೆ. ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿದ ದಿಲ್ಲಿಯಲ್ಲೇ ಕೂತ ಸುಪ್ರೀಂ ಕೋರ್ಟು 2018ರ ಮಾರ್ಚ್‌ನಲ್ಲಿ ದೌರ್ಜನ್ಯ ತಡೆ ಕಾಯಿದೆಯ ಹಲ್ಲು ಕಿತ್ತಿತು. ಅದನ್ನು ಮತ್ತೆ ಜೋಡಿಸಿದ್ದು ತಾನಾಗಿ ಮರುಗಿದ ದಿಲ್ಲಿಯಲ್ಲ; ಏಪ್ರಿಲ್ 2ರಂದು ದೇಶದ ಬೀದಿಗಳಿಗೆ ಇಳಿದ ದಲಿತರು. ಇನ್ನೊಂದು ಮಾತು. 1949ರ ನವೆಂಬರ್ 25ರ ಭಾಷಣದಲ್ಲಿ ಬಾಬಾಸಾಹೇಬರೇ ಹೇಳಿದ್ದಾರೆ: ರಾಜ್ಯಗಳ ಅಧಿಕಾರ ಕೇಂದ್ರ ಕೊಟ್ಟ ಭಿಕ್ಷೆಯಲ್ಲ, ಸಂವಿಧಾನ ಕೊಟ್ಟದ್ದು. ಬಲವಾದ ಕೇಂದ್ರ ಕೇಳಿದವರೇ ಇದನ್ನೂ ಹೇಳಿದರು. ಎರಡನ್ನೂ ಒಟ್ಟಿಗೆ ಓದಬೇಕು.

ರಾಜ್ಯದಿಂದ ನಮಗೆ ಏನೂ ಬರಲಿಲ್ಲ ಎಂದರೂ ಸುಳ್ಳಾಗುತ್ತದೆ. ಭೂಮಿ ರಾಜ್ಯದ ವಿಷಯವಾದ್ದರಿಂದಲೇ ದೇವರಾಜ ಅರಸರಿಗೆ 1974ರ ಭೂಸುಧಾರಣೆ ತರಲು ಆಯಿತು. ಗೇಣಿದಾರರಿಗೆ ಭೂಮಿ ಬಂತು. ಗೇಣಿಯೂ ಇಲ್ಲದೆ ಕೂಲಿಯಲ್ಲೇ ಬದುಕಿದ್ದ ನಮ್ಮವರಲ್ಲಿ ಬಹಳ ಜನ ಹೊರಗೇ ಉಳಿದರು ಎನ್ನುವುದೂ ಅಷ್ಟೇ ನಿಜ. ಸರ್ಕಾರ ನಮಗೆ ಮಂಜೂರು ಮಾಡಿದ ತುಂಡು ಭೂಮಿಯನ್ನು ಸಾಲಕ್ಕೋ ಸಾರಾಯಿಗೋ ಬರೆಸಿಕೊಂಡವರಿಂದ ಬಿಡಿಸಿಕೊಡುವ 1978ರ ಕಾಯಿದೆ, ಎಲ್ಲರೂ ಪಿಟಿಸಿಎಲ್ ಅನ್ನುವ ಕಾಯಿದೆ, ಬೆಂಗಳೂರಿನದೇ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕಾಲಮಿತಿಯ ನೆಪ ಹೇಳಿ ಕೋರ್ಟುಗಳು ಅರ್ಜಿಗಳನ್ನು ತಳ್ಳತೊಡಗಿದಾಗ ಹೋರಾಟ ನಡೆದು 2023ರಲ್ಲಿ ತಿದ್ದುಪಡಿ ಬಂತು. ಕೊಟ್ಟ ಕೈಯೇ ಕಿತ್ತದ್ದೂ ಉಂಟು: 2020ರಲ್ಲಿ ಇದೇ ಬೆಂಗಳೂರು ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಉಳುಮೆ ಗೊತ್ತಿಲ್ಲದ ಹಣವಂತರಿಗೂ ಜಮೀನು ಕೊಳ್ಳುವ ದಾರಿ ಬಿಟ್ಟಿತು. ಹಾಗಾಗಿ ದಿಲ್ಲಿ ಶತ್ರು ಬೆಂಗಳೂರು ಮಿತ್ರ ಎನ್ನುವುದಾಗಲಿ, ಅದರ ತಿರುಗುಮುರುಗಾಗಲಿ ನಮಗೆ ಹೊಂದುವುದಿಲ್ಲ. ಎಲ್ಲಿ ಒತ್ತಿದರೆ ಬಾಗಿಲು ತೆರೆಯಿತೋ ಅಲ್ಲಿ ನಮ್ಮವರು ಒತ್ತಿದ್ದಾರೆ.

ಈ ಹಂಚಿಕೆಯಲ್ಲಿ ನಮ್ಮನ್ನು ಅತಿ ಹೆಚ್ಚು ಗೋಳು ಹೊಯ್ದುಕೊಂಡದ್ದು ಒಳಮೀಸಲಾತಿ. ಪರಿಶಿಷ್ಟ ಜಾತಿಗಳ ಪಟ್ಟಿ 341ನೇ ವಿಧಿಯ ಕೆಳಗೆ ರಾಷ್ಟ್ರಪತಿ ಹೊರಡಿಸುವುದು. ಸೇರಿಸುವ ತೆಗೆಯುವ ಅಧಿಕಾರ ಪಾರ್ಲಿಮೆಂಟಿನದು. ಆ ಪಟ್ಟಿಯೊಳಗೆ ಹಿಂದುಳಿದವರಲ್ಲೇ ಹಿಂದುಳಿದವರಿಗೆ ಪಾಲು ಬೇರೆ ಮಾಡುವ ಅಧಿಕಾರ ಯಾರದು? ರಾಜ್ಯಕ್ಕಿಲ್ಲ ಎಂದು 2004ರಲ್ಲಿ ಆಂಧ್ರದ ಚಿನ್ನಯ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷ ಇಲ್ಲಿ ಸದಾಶಿವ ಆಯೋಗ ನೇಮಕವಾಯಿತು. 2012ರಲ್ಲಿ ವರದಿ ಬಂತು. ಆಮೇಲೆ? ಮಾದಿಗ ಯುವಕರು ಬೆಂಗಳೂರಿಗೆ ಹೋದರೆ "ಇದು ದಿಲ್ಲಿಯಲ್ಲಿ ಆಗಬೇಕಾದ್ದು" ಎಂದರು. ದಿಲ್ಲಿ ತುಟಿ ಬಿಚ್ಚಲಿಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಇದೇ ರಾಗ. 2023ರ ಚುನಾವಣೆ ಹತ್ತಿರ ಬಂದಾಗ ಬೆಂಗಳೂರು ಒಂದು ಹಂಚಿಕೆ ಮಾಡಿ ದಿಲ್ಲಿಗೆ ಶಿಫಾರಸು ಕಳಿಸಿ ಕೈ ತೊಳೆದುಕೊಂಡಿತು. ಕೊನೆಗೆ 2024ರ ಆಗಸ್ಟ್ 1ರಂದು ಏಳು ನ್ಯಾಯಾಧೀಶರ ಪೀಠ, ಆರು ಮಂದಿಯ ಬಹುಮತದಲ್ಲಿ, ರಾಜ್ಯಗಳಿಗೆ ಆ ಅಧಿಕಾರ ಇದೆ ಎಂದಿತು. ಇಪ್ಪತ್ತು ವರ್ಷ! ಒಂದು ತಲೆಮಾರಿನ ಹುಡುಗರು ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸನ್ನೇ ದಾಟಿಹೋದರು.

ಅಧಿಕಾರ ಬೆಂಗಳೂರಿಗೆ ಬಂದ ಮೇಲಾದರೂ ನೆಪ ಮುಗಿಯಿತೆ? ನಾಗಮೋಹನ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿ, ಗುಡಿಸಲು ಹೊತ್ತು ತಿರುಗುವ 59 ಅಲೆಮಾರಿ ಮತ್ತು ಅತಿ ಹಿಂದುಳಿದ ಜಾತಿಗಳಿಗೆ ಬೇರೆಯಾಗಿ ಶೇ. 1 ಇಡಬೇಕು ಎಂದು ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಎಡಗೈಗೆ ಆರು, ಬಲಗೈಗೆ ಆರು, ಉಳಿದವರಿಗೆ ಐದು ಎಂದು ಹಂಚಿ, ಅಲೆಮಾರಿಗಳನ್ನು ಆ ಐದರಲ್ಲಿ ತಮಗಿಂತ ಎಷ್ಟೋ ಬಲವಾದವರ ಜೊತೆ ಕೂಡಿಸಿತು. ಸಂಖ್ಯೆ ಇದ್ದವರು ಬೀದಿಗೆ ಬಂದು ಕೇಳಿದರು, ಸಿಕ್ಕಿತು. ಸಂಖ್ಯೆ ಇಲ್ಲದವರು ಮತ್ತೆ ಬಾಗಿಲಲ್ಲಿ ನಿಂತರು. ದಿಲ್ಲಿ ಬೆಂಗಳೂರಿಗೆ ಮಾಡಿದ್ದನ್ನು ಬೆಂಗಳೂರು ಕೇರಿಗೆ ಮಾಡುತ್ತದೆ; ಎಚ್ಚರ ತಪ್ಪಿದರೆ ಕೇರಿ ಅಲೆಮಾರಿಯ ಗುಡಿಸಲಿಗೆ ಮಾಡುತ್ತದೆ. ಇದನ್ನು ನಾವು ನಮ್ಮನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇವೆ.

ದುಡ್ಡಿನ ಮಾತಿಗೆ ಬರೋಣ. 14ನೇ ಹಣಕಾಸು ಆಯೋಗ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ. 4.713 ಎಂದಿತ್ತು. 15ನೇ ಆಯೋಗ 2021ರಿಂದ 2026ರ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಅದರ ಮೇಲೆ ದಿಲ್ಲಿಯವರು ಸೆಸ್ಸು ಸರ್‌ಚಾರ್ಜು ಎಂದು ಎತ್ತುವ ಹಣವನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ತೆರಿಗೆಗೆ ಹೆಸರು ಬದಲಿಸಿದರೆ ಸಾಕು, ಪಾಲು ಕೊಡುವ ಹಂಗಿಲ್ಲ. 2024ರ ಫೆಬ್ರವರಿಯಲ್ಲಿ ನಮ್ಮ ಮುಖ್ಯಮಂತ್ರಿ, ಮಂತ್ರಿಗಳು ದಿಲ್ಲಿಯ ಜಂತರ್ ಮಂತರಿನಲ್ಲಿ ಕೂತು ಪ್ರತಿಭಟಿಸಿದ್ದು ನ್ಯಾಯವಾಗಿಯೇ ಇತ್ತು. ಮಂಡ್ಯದ ಕೂಲಿ ಹೆಂಗಸು ಸೋಪು ಕೊಂಡಾಗ ಕೊಡುವ ತೆರಿಗೆಯೂ ಅದರಲ್ಲಿದೆ. ಅದು ನಮ್ಮ ಹಣ ಕೂಡ.

ಅದೇ ನ್ಯಾಯವನ್ನು ಇಲ್ಲಿ ತಂದು ನೋಡಿ. 2013ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು: ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ಯೋಜನಾ ಹಣದಲ್ಲಿ ಬೇರೆ ತೆಗೆದಿಟ್ಟು ನಮಗೇ ಖರ್ಚು ಮಾಡಬೇಕು. ಆದರೆ ಅದರ 7ಡಿ ಕಲಮಿನಲ್ಲಿ ಒಂದು ಕಿಂಡಿ ಇಟ್ಟಿತು. ಎಲ್ಲರಿಗೂ ಉಪಯೋಗವಾಗುವ ರಸ್ತೆ, ಸೇತುವೆಗೆ ಸುರಿದ ಹಣದಲ್ಲಿ ಒಂದು ಭಾಗವನ್ನು ದಲಿತರಿಗೇ ಖರ್ಚಾಯಿತು ಎಂದು ಭಾವಿಸಬಹುದು! ಹತ್ತು ವರ್ಷ ಹಾಗೆ ಭಾವಿಸಿದರು. 2023ರಲ್ಲಿ ಕಿಂಡಿ ಮುಚ್ಚಿದರು. ಅದೇ ವರ್ಷದ ಬಜೆಟ್ಟಿನಲ್ಲಿ ಸುಮಾರು 11 ಸಾವಿರ ಕೋಟಿ ರೂಪಾಯಿಯನ್ನು ಇದೇ ಹಣದಿಂದ ಗ್ಯಾರಂಟಿ ಯೋಜನೆಗಳಿಗೆ ತೋರಿಸಿದರು. ಅಕ್ಕಿ, ಬಸ್ಸು, ಎರಡು ಸಾವಿರ ರೂಪಾಯಿ ನಮ್ಮ ಹೆಂಗಸರಿಗೂ ಬಂತು, ಬೇಡ ಎನ್ನುವುದಿಲ್ಲ. ಆದರೆ ಎಲ್ಲರಿಗೂ ಕೊಡುವುದನ್ನು ನಮಗೆ ಕೊಡುವಾಗ ಮಾತ್ರ ನಮ್ಮ ಗಂಟಿನಿಂದಲೇ ತೆಗೆದು ಕೊಡುವುದು ಯಾವ ಸೀಮೆ ನ್ಯಾಯ? ದಿಲ್ಲಿಯ ಸೆಸ್ಸಿಗೂ ಬೆಂಗಳೂರಿನ 7ಡಿಗೂ ಲೆಕ್ಕ ಬರೆದ ಕೈ ಬೇರೆ, ಬುದ್ಧಿ ಒಂದೇ.

ಅಧಿಕಾರ ಕೆಳಗಿಳಿಸುವ ಮಾತೂ ಹೀಗೆಯೇ. 1983ರಲ್ಲಿ ರಾಮಕೃಷ್ಣ ಹೆಗಡೆಯವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ದಿಲ್ಲಿಯ ಮುಂದೆ ರಾಜ್ಯಗಳ ಹಕ್ಕಿನ ಪ್ರಶ್ನೆ ಎತ್ತಿದರು. ಆ ವರ್ಷವೇ ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಲು ಸರ್ಕಾರಿಯಾ ಆಯೋಗ ನೇಮಕವಾಯಿತು. ಹೆಗಡೆ ಸರ್ಕಾರ ಮೇಲೆ ಕೇಳಿದ್ದನ್ನು ಕೆಳಗೂ ಕೊಟ್ಟಿತು ಎನ್ನುವುದನ್ನು ಒಪ್ಪಬೇಕು: ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಈಗಿನ ಕತೆ ಏನು? ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. 2025ರ ಹೊತ್ತಿಗೆ ನಾಲ್ಕು ವರ್ಷ ದಾಟಿದರೂ ಚುನಾವಣೆ ಆಗಿರಲಿಲ್ಲ, ಅಧಿಕಾರಿಗಳೇ ಆಳುತ್ತಿದ್ದರು. ದಿಲ್ಲಿ ರಾಜ್ಯ ಸರ್ಕಾರವನ್ನು ವಜಾ ಮಾಡಿದರೆ ಅದು ಪ್ರಜಾಪ್ರಭುತ್ವದ ಕೊಲೆ. ಬೆಂಗಳೂರು ಜಿಲ್ಲೆಗಳಿಗೆ ಚುನಾವಣೆಯನ್ನೇ ಕೊಡದಿದ್ದರೆ ಅದಕ್ಕೆ ಏನು ಹೆಸರು? ಮೀಸಲು ಕ್ಷೇತ್ರದಿಂದ ಗೆದ್ದು ಬರಬೇಕಾಗಿದ್ದ ನಮ್ಮ ಹೆಣ್ಣುಮಕ್ಕಳ ಕುರ್ಚಿಗಳು ಅಷ್ಟು ದಿನ ಖಾಲಿ ಬಿದ್ದಿದ್ದವು.

ಬಾಬಾಸಾಹೇಬರು ಹಳ್ಳಿಯನ್ನು ಬೈದರಲ್ಲ, ಮತ್ತೆ ಪಂಚಾಯಿತಿಗೆ ಅಧಿಕಾರ ಯಾಕೆ ಕೇಳುತ್ತೀರಿ ಎನ್ನಬಹುದು. ಅವರು ಬೈದದ್ದು ಪಟೇಲನ ಚಾವಡಿಯನ್ನು. ಮೀಸಲಾತಿ, ಕಾನೂನಿನ ಕಾವಲು, ಗುಪ್ತ ಮತದಾನ ಇಲ್ಲದೆ ಊರಿಗೆ ಅಧಿಕಾರ ಕೊಟ್ಟರೆ ಅದು ಚಾವಡಿಗೇ ಹೋಗುತ್ತದೆ. ಅವು ಇದ್ದರೆ ಕೇರಿಯ ಹೆಂಗಸು ಆ ಚಾವಡಿಯಲ್ಲಿ ಕುರ್ಚಿ ಹಾಕಿ ಕೂರಬಹುದು. ಸುಲಭವಾಗಿ ಅಲ್ಲ, ಕೂರಲು ಬಿಡದೆ ನೆಲದ ಮೇಲೆ ಕೂರಿಸಿದ ಕತೆಗಳು ನಮಗೂ ಗೊತ್ತು. ಆದರೆ ಕುರ್ಚಿಯೇ ಇಲ್ಲದಿದ್ದರೆ ಜಗಳ ಮಾಡುವುದಾದರೂ ಯಾತಕ್ಕೆ?

ಹಾಗಾಗಿ ನಮ್ಮ ಮಾತು ಇಷ್ಟು. ಅಧಿಕಾರದ ಹಂಚಿಕೆ ಎಂದು ಕರೆಯುವುದು ನಮ್ಮ ಪಾಲಿಗೆ ಬಹಳ ಸಲ ನೆಪದ ಹಂಚಿಕೆಯಾಗಿದೆ. ಕೊಡುವಾಗ ಇಬ್ಬರೂ ಮುಂದೆ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಕೊಡದಿರುವಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ದಿಲ್ಲಿಯ ಎದುರು ರಾಜ್ಯದ ಹಕ್ಕಿಗಾಗಿ ನಡೆಯುವ ಹೋರಾಟದಲ್ಲಿ ನಾವು ಇರುತ್ತೇವೆ. ಹಿಂದಿನ ಸಾಲಿನಲ್ಲಿ ಬಾವುಟ ಹಿಡಿಯಲು ಅಲ್ಲ. ಬೆಂಗಳೂರು ಕೇರಿಗೆ ಕೊಡಬೇಕಾದ ಬಾಕಿಯ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು.

ಕಾರ್ಯಕರ್ತ ಗೆಳೆಯರಿಗೆ, ಹಳ್ಳಿಯ ಮೇಷ್ಟರುಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇವೆ. ಏಳನೇ ಅನುಸೂಚಿಯನ್ನು ಹುಡುಗರಿಗೆ ಬಾಯಿಪಾಠ ಮಾಡಿಸುವುದನ್ನು ಬಿಟ್ಟು ಊರಿನ ನಕ್ಷೆಯ ಪಕ್ಕ ಇಟ್ಟು ಓದಿಸಿ. ನೀರು ಯಾರ ಪಟ್ಟಿ? ಠಾಣೆ ಯಾರ ಪಟ್ಟಿ? ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳ ಪ್ರಕಾರ ಮುಖ್ಯಮಂತ್ರಿಯ ಅಧ್ಯಕ್ಷತೆಯ ಸಮಿತಿ ವರ್ಷಕ್ಕೆ ಎರಡು ಸಲ, ಜಿಲ್ಲಾಧಿಕಾರಿಯ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ನಿಮ್ಮ ಜಿಲ್ಲೆಯಲ್ಲಿ ಕೊನೆಯ ಸಭೆ ಎಂದು ಸೇರಿತ್ತು ಅಂತ ಬರೆದು ಕೇಳಿ. ಉತ್ತರ ಬರದಿದ್ದರೆ ಮತ್ತೆ ಬರೆಯಿರಿ.

ಮುದುಕಿಯ ಮಗನಿಗೆ ನಾವು ಉತ್ತರ ಬಾಕಿ ಉಳಿಸಿಕೊಂಡಿದ್ದೆವು. ಮೊನ್ನೆ ಹೋಗಿ ಹೇಳಿದೆವು: "ಮಸಣ ರಾಜ್ಯ ಪಟ್ಟಿಯಲ್ಲಿದೆ ಕಣಪ್ಪ, ಹತ್ತನೇದು. ಮೇಲೆ ಅಂದ್ರೆ ಬೆಂಗಳೂರು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಹಂಗಾದ್ರೆ ಬಸ್ ಚಾರ್ಜಿಗೆ ದುಡ್ ಜೋಡ್ಸಿ. ಎಲ್ರೂ ಹೋಗಾಣ."